ಹದಿನೇಳು ವರ್ಷದಲ್ಲಿ ಹದಿಮೂರು ಗಂಟೆ

ಆಟ ಬಿಟ್ಟ ಮೇಲೆ ಒಂದು ಮಧ್ಯಾಹ್ನ ಮಾಡಲು ಬೇರೆ ಕೆಲಸವಿಲ್ಲದೆ ಒಂದು ಲೆಕ್ಕ ಹಾಕಿದೆ. ನಾನು ಆಡಿದ ವೃತ್ತಿಪರ ಫುಟ್‌ಬಾಲ್ ಪಂದ್ಯಗಳು ಹೆಚ್ಚುಕಡಿಮೆ 390. ತೊಂಬತ್ತು ನಿಮಿಷದ ಆಟದಲ್ಲಿ ನನ್ನಂಥ ಸ್ಟ್ರೈಕರ್ ಒಬ್ಬನ ಕಾಲಲ್ಲಿ ಚೆಂಡು ಇರುವುದು, ಎಲ್ಲ ತುಣುಕುಗಳನ್ನು ಕೂಡಿಸಿದರೂ, ಎರಡು ನಿಮಿಷ ದಾಟುವುದು ಕಷ್ಟ. ಗುಣಿಸಿ ನೋಡಿದರೆ 13 ಗಂಟೆ. ಹದಿನೇಳು ವರ್ಷ ಸಂಬಳ ತೆಗೆದುಕೊಂಡ ನನ್ನ ಬಳಿ ಚೆಂಡು ಇದ್ದದ್ದು ಅಷ್ಟೇ ಹೊತ್ತು. ಬೆಳಿಗ್ಗೆ ಆರಕ್ಕೆ ಶುರು ಮಾಡಿದ್ದರೆ ಸಂಜೆ ಏಳಕ್ಕೆ ನನ್ನ ವೃತ್ತಿಜೀವನ ಮುಗಿದುಹೋಗುತ್ತಿತ್ತು.

ಎಷ್ಟು ಗೋಲು ಹೊಡೆದಿರಿ ಎಂದು ಎಲ್ಲರೂ ಕೇಳುತ್ತಾರೆ. ಕೇಳಲಿ, ಬೇಸರವಿಲ್ಲ. ಆದರೆ ಗೋಲುಗಳನ್ನು ಯಾರು ಬೇಕಾದರೂ ವಿಡಿಯೋದಲ್ಲಿ ನೋಡಬಹುದು. ಕ್ಯಾಮೆರಾ ಚೆಂಡಿನ ಹಿಂದೆ ಹೋಗುವಾಗ ಚೌಕಟ್ಟಿನ ಹೊರಗೆ ಉಳಿದ ಓಟವೇ ನನ್ನ ನಿಜವಾದ ಕಸುಬಾಗಿತ್ತು.

ಹದಿನಾರು ತುಂಬುವವರೆಗೆ ನಾನು ಬಲ ಅಂಚಿನಲ್ಲಿ ಆಡುತ್ತಿದ್ದೆ. ಗೆರೆಯ ಪಕ್ಕ ಆಡುವವನಿಗೆ ಒಂದು ಸುಖವಿದೆ: ಒಂದು ಕಡೆಯಿಂದ ಯಾರೂ ಮೇಲೆ ಬೀಳುವುದಿಲ್ಲ. ಗೆರೆಗೆ ಬೆನ್ನು ಕೊಟ್ಟು ನಿಂತರೆ ಇಡೀ ಮೈದಾನ ಕಣ್ಣ ಮುಂದೆ ಇರುತ್ತದೆ. ಕಿರಿಯರ ತಂಡದ ಕೋಚ್ ಒಂದು ದಿನ ನನ್ನನ್ನು ನಡುವೆ ತಂದು ನಿಲ್ಲಿಸಿದರು. ಕಾರಣ ಹೇಳಲಿಲ್ಲ. ನಡುವೆ ನಿಂತವನಿಗೆ ಬೆನ್ನೆಲ್ಲ ಬಯಲು. ಒದೆಯುವವನು ಯಾವ ಕಡೆಯಿಂದ ಬರುತ್ತಾನೆಂದು ತಿಳಿಯುವುದಿಲ್ಲ. ಮೊದಲ ವಾರ ಚೆಂಡು ಬಂದಾಗಲೆಲ್ಲ ಯಾರೋ ಒಬ್ಬರು ನನ್ನ ಹಿಂದಿನಿಂದ ಅದನ್ನು ಕಿತ್ತುಕೊಂಡು ಹೋಗುತ್ತಿದ್ದರು.

ಕೋಚ್ ಒಂದು ಅಭ್ಯಾಸ ಮಾಡಿಸುತ್ತಿದ್ದರು. ಒಬ್ಬ ಹುಡುಗ ಮುಂದಿನಿಂದ ನನ್ನ ಕಡೆಗೆ ಚೆಂಡು ತಳ್ಳಬೇಕು. ಕೋಚ್ ನನ್ನ ಬೆನ್ನ ಹಿಂದೆ ನಿಂತು ಕೈ ಎತ್ತಿ ಕೆಲವು ಬೆರಳು ತೋರಿಸುತ್ತಿದ್ದರು. ಚೆಂಡು ನನ್ನ ಕಾಲಿಗೆ ಮುಟ್ಟುವುದರೊಳಗೆ ಕತ್ತು ಹೊರಳಿಸಿ ನೋಡಿ, ಮತ್ತೆ ಚೆಂಡಿನತ್ತ ತಿರುಗಿ, ಎಷ್ಟು ಬೆರಳೆಂದು ಹೇಳಬೇಕು.

"ಎಷ್ಟು?"

"ಮೂರು, ಸರ್."

"ಸರಿಯಾಗಿದೆ. ಆದರೆ ನೀನು ನೋಡಲಿಲ್ಲ, ಊಹಿಸಿದೆ. ಮತ್ತೆ ಮಾಡು."

ಹೇಗೆ ಗೊತ್ತಾಯಿತೋ ಕಾಣೆ. ನಾನು ನಿಜಕ್ಕೂ ಊಹಿಸಿದ್ದೆ. ನಾಲ್ಕು ತಿಂಗಳು ಇದೇ ನಡೆಯಿತು. ಬೆರಳು ಹೋಗಿ ಬಣ್ಣದ ಅಂಗಿ ಬಂತು, ಅಂಗಿ ಹೋಗಿ ಡಿಫೆಂಡರ್ ಬಂದ. ಕೊನೆಗೆ ಕತ್ತು ತಾನಾಗಿಯೇ ತಿರುಗತೊಡಗಿತು. ಈಗಲೂ ಸಾಲಿನಲ್ಲಿ ನಿಂತರೆ ಐದಾರು ಸೆಕೆಂಡಿಗೊಮ್ಮೆ ಹಿಂದಕ್ಕೆ ನೋಡುತ್ತೇನೆ. ಹಿಂದೆ ನಿಂತವರು ಏನೋ ಕೇಳಲಿದ್ದಾನೆಂದು ಮುಗುಳ್ನಗುತ್ತಾರೆ, ನಾನು ಮುಖ ತಿರುಗಿಸಿಬಿಡುತ್ತೇನೆ.

2004ರಲ್ಲಿ, ಹದಿನೆಂಟು ತುಂಬಿದ ಮೇಲೆ, ಮೊದಲ ಒಪ್ಪಂದ. ಎರಡು ವರ್ಷದ್ದು. ಅಪ್ಪ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, "ಗೋಲು ಹೊಡೆಯದಿದ್ದರೆ ದುಡ್ಡು ವಾಪಸ್ ಕೊಡಬೇಕಾ?" ಎಂದು ಕೇಳಿದರು. ಕ್ಲಬ್ಬಿನ ಕಾರ್ಯದರ್ಶಿ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಮನಸ್ಸಿನಲ್ಲಿದ್ದ ಪ್ರಶ್ನೆಯೂ ಅದೇ ಆಗಿತ್ತು.

ಮೊದಲ ಆರೇಳು ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಆಗ ನನಗೆ ವೇಗವಿತ್ತು, ವೇಗವಿದ್ದವನು ಹೆಚ್ಚು ಯೋಚಿಸುವುದಿಲ್ಲ. ಡಿಫೆಂಡರ್‌ಗಳ ಹಿಂದೆ ಖಾಲಿ ಜಾಗ ಕಂಡರೆ ಓಡುತ್ತಿದ್ದೆ. ಮಿಡ್‌ಫೀಲ್ಡಿನ ಹುಡುಗ ಚೆಂಡು ಎತ್ತಿ ಹಾಕುತ್ತಿದ್ದ. ಹತ್ತರಲ್ಲಿ ಒಂಬತ್ತು ಸಲ ಚೆಂಡು ಬರುತ್ತಿರಲಿಲ್ಲ, ಅಥವಾ ಲೈನ್ಸ್‌ಮನ್ ಬಾವುಟ ಎತ್ತುತ್ತಿದ್ದ. ಪಾಸ್ ಹೊರಡುವ ಗಳಿಗೆಯಲ್ಲಿ ಡಿಫೆಂಡರ್‌ಗಳನ್ನು ದಾಟಿ ನಿಂತವನನ್ನು ತಡೆಯುವ ಆಫ್‌ಸೈಡ್ ನಿಯಮ ಫಾರ್ವರ್ಡ್‌ಗಳ ಪಾಲಿಗೆ ಮುಖ್ಯವಾಗಿ ಎರಡು ಸಲ ದಯೆ ತೋರಿಸಿದೆ. 1925ರವರೆಗೆ ಎದುರಾಳಿಯ ಮೂವರು ನಮ್ಮ ಮತ್ತು ಗೋಲು ಗೆರೆಯ ನಡುವೆ ಇರಬೇಕಿತ್ತು, ಆ ವರ್ಷ ಅದನ್ನು ಇಬ್ಬರಿಗೆ ಇಳಿಸಿದರು. 1990ರಲ್ಲಿ, ಹಿಂದಿನಿಂದ ಎರಡನೆಯ ಎದುರಾಳಿಗೆ ಸರಿಸಮನಾಗಿ ನಿಂತವನು ಆಫ್‌ಸೈಡ್ ಅಲ್ಲ ಎಂದರು. ನನ್ನ ಬದುಕು ನಡೆದದ್ದು ಆ 'ಸರಿಸಮ' ಎಂಬ ಮಾತಿನ ಮೇಲೆ. ನೇರವಾಗಿ ಓಡಿದರೆ ಸಿಕ್ಕಿಬೀಳುತ್ತೇವೆ. ಡಿಫೆಂಡರ್‌ಗಳ ಸಾಲಿಗೆ ಸಮಾನಾಂತರವಾಗಿ ನಾಲ್ಕು ಹೆಜ್ಜೆ ಅಡ್ಡ ಓಡಿ, ಪಾಸ್ ಕೊಡುವವನ ಕಾಲು ಚೆಂಡಿಗೆ ತಾಗುವ ಗಳಿಗೆಗೆ ಸರಿಯಾಗಿ ಒಳಕ್ಕೆ ಬಾಗಬೇಕು. ಆಗ ನಾವು ಪೂರ್ತಿ ವೇಗದಲ್ಲಿರುತ್ತೇವೆ, ಡಿಫೆಂಡರ್ ಇನ್ನೂ ತಿರುಗುತ್ತಿರುತ್ತಾನೆ.

ಪಶ್ಚಿಮ ಜರ್ಮನಿಯ ಸ್ಟ್ರೈಕರ್ ಗೆರ್ಡ್ ಮ್ಯುಲ್ಲರ್‌ನ ಹಳೆಯ ತುಣುಕುಗಳನ್ನು ಕೋಚ್ ಹಾಕಿ ತೋರಿಸುತ್ತಿದ್ದರು. 1974ರ ವಿಶ್ವಕಪ್ ಫೈನಲ್‌ನ 43ನೇ ನಿಮಿಷ, ನೆದರ್‌ಲೆಂಡ್ಸ್ ವಿರುದ್ಧ. ಬಲಗಡೆಯಿಂದ ಬಂದ ಚೆಂಡು ಅವನ ಕಾಲಿಗೆ ತಾಗಿ ತುಸು ಹಿಂದಕ್ಕೆ ಪುಟಿಯುತ್ತದೆ. ಅವನೂ ಅದರ ಜೊತೆಗೇ ಹಿಂದಕ್ಕೆ ಸರಿದು, ಸೊಂಟದಿಂದ ತಿರುಗಿ, ನೆಲಕ್ಕೆ ಒತ್ತಿದಂತೆ ಚೆಂಡನ್ನು ಒದೆಯುತ್ತಾನೆ. ಬಿರುಸೇ ಇಲ್ಲದ ಗೋಲು. ಪಶ್ಚಿಮ ಜರ್ಮನಿ 2–1ರಿಂದ ವಿಶ್ವಕಪ್ ಗೆದ್ದಿತು. ಇಪ್ಪತ್ತೆರಡರ ನನಗೆ ಅದು ಮಂಕಾಗಿ ಕಂಡಿತ್ತು. ಇಪ್ಪತ್ತೆಂಟಕ್ಕೆ ಬಂದ ಮೇಲೆ ಅದೇ ತುಣುಕನ್ನು ಹಿಂದೆ ಮುಂದೆ ಓಡಿಸಿ ಓಡಿಸಿ ನೋಡಿದೆ. ನಡುವೆ ಮಂಡಿಯ ಕಥೆ ಆಗಿಹೋಗಿತ್ತು.

ಅದು 2012ರ ಒಂದು ಸಾಧಾರಣ ಪಂದ್ಯ. ಯಾರೂ ನನ್ನನ್ನು ಮುಟ್ಟಲಿಲ್ಲ. ಎದುರಾಳಿಯ ಡಿಫೆಂಡರ್ ಚೆಂಡನ್ನು ಗೋಲ್‌ಕೀಪರ್ ಕಡೆಗೆ ತಳ್ಳುತ್ತಾನೆಂದು ನಂಬಿ ಅವನತ್ತ ಓಡಿದೆ. ಅವನು ಒಳಕ್ಕೆ ತಿರುಗಿದ, ನಾನೂ ತಿರುಗಲು ಎಡಗಾಲು ಊರಿದೆ. ಬೂಟು ನೆಲದಲ್ಲೇ ಕಚ್ಚಿಕೊಂಡಿತು, ಮೈ ತಿರುಗಿತು. ಒಳಗೆ ಒಣ ಕಡ್ಡಿ ಮುರಿದಂತೆ ಸದ್ದು. ಹತ್ತಿರವಿದ್ದ ಡಿಫೆಂಡರ್‌ಗೂ ಕೇಳಿಸಿತಂತೆ; ಅವನೇ ಕೈ ಎತ್ತಿ ರೆಫರಿಯನ್ನು ಕರೆದ. ವಿಚಿತ್ರವೆಂದರೆ ಐದು ನಿಮಿಷದಲ್ಲಿ ನೋವು ತಗ್ಗಿತು. ಎದ್ದು ನಡೆದೆ. ಏನೂ ಆಗಿಲ್ಲ, ಆಡುತ್ತೇನೆ ಎಂದೆ. ತಂಡದ ಡಾಕ್ಟರ್ ಮಂಡಿಯನ್ನು ಸ್ವಲ್ಪ ಮಡಿಸಿ, ಒಂದು ಕೈಯಲ್ಲಿ ತೊಡೆ ಹಿಡಿದು, ಇನ್ನೊಂದು ಕೈಯಲ್ಲಿ ಮೊಣಕಾಲಿನ ಕೆಳಗೆ ಹಿಡಿದು ಮುಂದಕ್ಕೆ ಎಳೆದರು. ಬಲಗಾಲು ಎಳೆದಾಗ ಒಂದು ಕಡೆ ಟಕ್ಕೆಂದು ನಿಲ್ಲುತ್ತಿತ್ತು. ಎಡಗಾಲು ನಿಲ್ಲಲಿಲ್ಲ, ಸಡಿಲವಾದ ಡ್ರಾಯರ್‌ನಂತೆ ಬಂತು. ಅವರು ಏನೂ ಹೇಳದೆ ಟವೆಲ್ ಹೊದಿಸಿದರು. ರಾತ್ರಿಗೆ ಮಂಡಿ ಊದಿ ಪ್ಯಾಂಟು ಏರಲಿಲ್ಲ.

ಎಸಿಎಲ್, ಅಂದರೆ ಮಂಡಿಯೊಳಗೆ ತೊಡೆಮೂಳೆಗೂ ಮಂಡಿಯ ಕೆಳಗಿನ ಕಾಲಿನ ಮೂಳೆಗೂ ಕಟ್ಟಿದ ಅಸ್ಥಿರಜ್ಜು, ಪೂರ್ತಿ ಹರಿದಿತ್ತು. ಫುಟ್‌ಬಾಲ್ ಆಟಗಾರರಲ್ಲಿ ಬಹುಪಾಲು ಸಲ ಇದು ಹರಿಯುವುದು ಯಾರೋ ಒದ್ದದ್ದರಿಂದಲ್ಲ. ಹೀಗೆ ತಾವೇ ದಿಕ್ಕು ಬದಲಿಸುವಾಗ, ಇಲ್ಲವೇ ಹಾರಿ ಇಳಿಯುವಾಗ. ಹರಿದದ್ದನ್ನು ಹೊಲಿದು ಕೂಡಿಸುವ ಬದಲು, ನನ್ನದೇ ತೊಡೆಯ ಹಿಂಭಾಗದ ಸ್ನಾಯುರಜ್ಜು ತೆಗೆದು ನಾಲ್ಕು ಪದರ ಮಡಿಸಿ, ಎರಡೂ ಮೂಳೆಗಳಲ್ಲಿ ಸುರಂಗ ಕೊರೆದು ಅದರೊಳಗೆ ಹಾಯಿಸಿ ಬಿಗಿದರು.

ಶಸ್ತ್ರಚಿಕಿತ್ಸೆ ನನ್ನ ಕೆಲಸವಾಗಿರಲಿಲ್ಲ; ನಾನು ನಿದ್ದೆಯಲ್ಲಿದ್ದೆ. ನನ್ನ ಕೆಲಸ ಮರುದಿನ ಶುರುವಾಯಿತು. ಕಾಲನ್ನು ಮಡಿಸುವುದೇ ಕಷ್ಟವೆಂದು ನಾನು ಎಣಿಸಿದ್ದೆ. ಫಿಸಿಯೋ ಕೇಳಿದ್ದು ಅದರ ಉಲ್ಟಾ: ಮಂಡಿ ಪೂರ್ತಿ ನೇರವಾಗಬೇಕು, ಅದೂ ಮೊದಲ ವಾರಗಳಲ್ಲೇ. ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮಂಡಿಯನ್ನು ಗಾಳಿಯಲ್ಲಿ ಬಿಟ್ಟು, ಅದು ತನ್ನ ಭಾರಕ್ಕೆ ತಾನೇ ಇಳಿಯುವವರೆಗೆ ಮಲಗಿರಬೇಕು. ಹತ್ತು ನಿಮಿಷ, ದಿನಕ್ಕೆ ಐದಾರು ಸಲ. ಮಂಡಿಯ ಹಿಂದೆ ಮತ್ತು ಹಾಸಿಗೆಯ ನಡುವೆ ಎಷ್ಟು ಬೆರಳು ತೂರುತ್ತವೆಂದು ಅವರು ನೋಡುತ್ತಿದ್ದರು. ಮೂರು. ಎರಡು. ಒಂದೂವರೆ. ನನ್ನ ಬದುಕಿಗೆ ಬೆರಳೆಣಿಕೆ ಮತ್ತೆ ಬಂದಿತ್ತು.

ಆಮೇಲೆ ಸೈಕಲ್. ನಿಂತಲ್ಲೇ ತುಳಿಯುವ ಸೈಕಲ್. ಮೊದಲು ಪೆಡಲನ್ನು ಮುಂದೆ ಅರ್ಧ, ಹಿಂದೆ ಅರ್ಧ ತೊಟ್ಟಿಲು ತೂಗಿದ ಹಾಗೆ ತೂಗುವುದು. ಮೇಲಿನ ತುದಿಗೆ ಬಂದಾಗ ಮಂಡಿ ಗೋಡೆಗೆ ಡಿಕ್ಕಿ ಹೊಡೆದಂತೆ ನಿಲ್ಲುತ್ತಿತ್ತು. ಪೂರ್ತಿ ಸುತ್ತಬೇಕಾದರೆ ಮಂಡಿ ನೂರು ಡಿಗ್ರಿಗಿಂತ ಹೆಚ್ಚು ಮಡಿಯಬೇಕು. ಒಂದು ಬೆಳಿಗ್ಗೆ ಸೊಂಟ ಎತ್ತಿ ಮೋಸ ಮಾಡಿ ಹಿಂದಕ್ಕೆ ತುಳಿದೆ. ಪೆಡಲ್ ಮೇಲಿನ ತುದಿ ದಾಟಿ ಆ ಕಡೆ ಇಳಿದುಬಿಟ್ಟಿತು. ಒಂದು ಸುತ್ತು. ಪಕ್ಕದ ಮೇಜಿನ ಮೇಲೆ ಹೆಗಲಿಗೆ ಐಸ್ ಇಟ್ಟುಕೊಂಡು ಕುಳಿತಿದ್ದ ಗೋಲ್‌ಕೀಪರ್ ಒಬ್ಬನೇ ಚಪ್ಪಾಳೆ ತಟ್ಟಿದ. ಹತ್ತಾರು ಸಾವಿರ ಜನ ಕೂಗಿದ ಗೋಲುಗಳಿವೆ, ಅವುಗಳಲ್ಲಿ ಎಷ್ಟೋ ಮರೆತುಹೋಗಿವೆ. ಆ ಒಬ್ಬನ ಚಪ್ಪಾಳೆ ಮರೆತಿಲ್ಲ.

ಎಡತೊಡೆ ಸೊರಗಿಹೋಗಿತ್ತು. ಮಂಡಿಚಿಪ್ಪಿನಿಂದ ಮೇಲಕ್ಕೆ ಗುರುತು ಹಾಕಿ ಫಿಸಿಯೋ ಟೇಪು ಸುತ್ತಿ ಅಳೆದರೆ ಬಲತೊಡೆಗಿಂತ ಮೂರು ಸೆಂಟಿಮೀಟರ್ ಕಡಿಮೆ. ಆ ಮೂರು ಸೆಂಟಿಮೀಟರ್ ತುಂಬಲು ಐದು ತಿಂಗಳು ಹಿಡಿಯಿತು, ಪೂರ್ತಿ ತುಂಬಲೂ ಇಲ್ಲ.

ಈ ಗಾಯದಲ್ಲಿ ಒಂದು ಮೋಸವಿದೆ, ಅದನ್ನು ಎಲ್ಲರೂ ತಿಳಿದಿರಬೇಕು. ಕಸಿ ಮಾಡಿದ ತಂತು ದಿನದಿಂದ ದಿನಕ್ಕೆ ಗಟ್ಟಿಯಾಗುತ್ತ ಹೋಗುವುದಿಲ್ಲ. ಮೊದಲ ಕೆಲವು ತಿಂಗಳಲ್ಲಿ ಅದು ಇನ್ನಷ್ಟು ದುರ್ಬಲವಾಗುತ್ತದೆ; ಒಳಗೆ ಹೊಸ ರಕ್ತನಾಳ, ಹೊಸ ಜೀವಕೋಶ ಬೆಳೆದು ಅದು ಮೆಲ್ಲಗೆ ರಜ್ಜುವಾಗಿ ಬದಲಾಗಬೇಕು. ಆದರೆ ಅದೇ ಹೊತ್ತಿಗೆ ಊತ ಇಳಿದಿರುತ್ತದೆ, ನೋವು ಹೋಗಿರುತ್ತದೆ, ನಡಿಗೆ ಸರಿಯಾಗಿರುತ್ತದೆ. ಅಂದರೆ ಎಲ್ಲ ಸರಿಹೋಯಿತೆಂದು ಮನುಷ್ಯ ನಂಬುವ ಹೊತ್ತೇ ಒಳಗಿನ ಹಗ್ಗ ಬಹಳ ಸಡಿಲವಿರುವ ಹೊತ್ತು. ಒಂಬತ್ತು ತಿಂಗಳಿಗೆ ಮೊದಲು ಆಟಕ್ಕೆ ಮರಳಬಾರದು ಎಂದು ಫಿಸಿಯೋಗಳು ಹಟ ಹಿಡಿಯುವುದು ಸುಮ್ಮನೆ ಅಲ್ಲ.

ಫಿಸಿಯೋ ಕೋಣೆಯಲ್ಲಿ ಎರಡು ಕಥೆಗಳು ಸದಾ ಓಡಾಡುತ್ತಿದ್ದವು. ಮೊದಲನೆಯದು ಇಂಗ್ಲೆಂಡಿನ ಸ್ಟ್ರೈಕರ್ ಅಲನ್ ಶಿಯರರ್‌ದು. 1992ರ ಡಿಸೆಂಬರ್‌ನಲ್ಲಿ ಅವನ ಬಲ ಮಂಡಿಯ ಇದೇ ರಜ್ಜು ಹರಿಯಿತು; ಮರಳಿ ಬಂದು 1993–94ರ ಲೀಗ್‌ನಲ್ಲಿ 31, ಮರುವರ್ಷ 34 ಗೋಲು ಹೊಡೆದು ತನ್ನ ಕ್ಲಬ್ ಬ್ಲ್ಯಾಕ್‌ಬರ್ನ್‌ಗೆ ಲೀಗ್ ಪ್ರಶಸ್ತಿ ಗೆಲ್ಲಿಸಿದ. ಇನ್ನೊಂದು ಬ್ರೆಜಿಲ್‌ನ ರೊನಾಲ್ಡೊನದು. ಅವನದು ಎಸಿಎಲ್ ಅಲ್ಲ, ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು. 1999ರ ನವೆಂಬರ್‌ನಲ್ಲಿ ಗಾಯ, 2000ದ ಏಪ್ರಿಲ್ 12ರಂದು ರೋಮ್‌ನಲ್ಲಿ ಬದಲಿಯಾಗಿ ಮೈದಾನಕ್ಕೆ ಇಳಿದ. ಕೆಲವೇ ನಿಮಿಷ. ಚೆಂಡು ಹಿಡಿದು ಓಡುತ್ತಿದ್ದವನು ಯಾರೂ ತಾಕದೆ ಕುಸಿದ, ಈ ಸಲ ರಜ್ಜು ಪೂರ್ತಿ ಹರಿದಿತ್ತು. ಅದೇ ರೊನಾಲ್ಡೊ 2002ರ ವಿಶ್ವಕಪ್‌ನಲ್ಲಿ ಎಂಟು ಗೋಲು ಹೊಡೆದದ್ದು, ಫೈನಲ್‌ನ ಎರಡೂ ಗೋಲು ಅವನದೇ ಆದದ್ದು ಎಲ್ಲರಿಗೂ ಗೊತ್ತು. ಕಾಲು ಗುಣವಾಗುತ್ತಿರುವವರು ಮಾತ್ರ 2002ರ ಬಗ್ಗೆ ಮಾತಾಡುವುದಿಲ್ಲ. ಏಪ್ರಿಲ್ 12ರ ಬಗ್ಗೆ ಮಾತಾಡುತ್ತಾರೆ.

ಆರನೇ ತಿಂಗಳು ನಾನಿದ್ದ ಕ್ಲಬ್ಬಿಗೆ ಗೋಲಿನ ಅವಸರ ಬಿತ್ತು. ತಂಡ ಕೆಳಗಿನ ಸ್ಥಾನಕ್ಕೆ ಜಾರಿತ್ತು. ಒಬ್ಬ ಅಧಿಕಾರಿ ನನ್ನ ಹೆಗಲ ಮೇಲೆ ಕೈಯಿಟ್ಟು, "ಇಪ್ಪತ್ತು ನಿಮಿಷ ಆಡಿದರೆ ಸಾಕು, ನೋವಿಲ್ಲವಲ್ಲ?" ಎಂದರು. ನೋವಿರಲಿಲ್ಲ, ಅದೇ ತೊಂದರೆ. ನನಗೂ ಆಸೆಯಾಯಿತು, ಒಪ್ಪಂದಕ್ಕೆ ಒಂದೇ ವರ್ಷ ಉಳಿದಿತ್ತು. ಫಿಸಿಯೋ ಇಬ್ಬರ ಮಾತಿಗೂ ಉತ್ತರ ಕೊಡದೆ ನೆಲದ ಮೇಲೆ ಟೇಪು ಹಾಸಿದರು. ಒಂಟಿಕಾಲಲ್ಲಿ ಮೂರು ಸಲ ಕುಪ್ಪಳಿಸಿ ಅಲುಗಾಡದೆ ನಿಲ್ಲಬೇಕು. ಎಡಗಾಲಿನ ದೂರ ಬಲಗಾಲಿನದರ ಶೇಕಡ 90ಕ್ಕಾದರೂ ಬರಬೇಕು. ನನ್ನದು 78 ಬಂತು. ಅವರು ಆ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಅಧಿಕಾರಿಯ ಕೈಗೆ ಕೊಟ್ಟು, "ಇದರ ಕೆಳಗೆ ನೀವು ಸಹಿ ಹಾಕಿ, ಆಡಿಸೋಣ" ಎಂದರು. ಯಾರೂ ಸಹಿ ಹಾಕಲಿಲ್ಲ. ನಾನು ಆಡಿದ್ದು ಹತ್ತನೇ ತಿಂಗಳಲ್ಲಿ.

ಮರಳಿ ಬಂದ ಮೇಲೆ ತಿಳಿದದ್ದು, ಅರ್ಧ ಮೀಟರ್ ಕಳೆದುಹೋಗಿದೆ ಎಂದು. ಮೊದಲಿನಂತೆಯೇ ಓಡುತ್ತಿದ್ದೆ, ಮೊದಲಿನಂತೆಯೇ ಉಸಿರು ಬಿಡುತ್ತಿದ್ದೆ, ಆದರೆ ಮೊದಲು ಚೆಂಡು ಸಿಗುತ್ತಿದ್ದ ಜಾಗದಲ್ಲಿ ಈಗ ಡಿಫೆಂಡರ್‌ನ ಕಾಲು ಇರುತ್ತಿತ್ತು. ಒಂದು ಇಡೀ ಋತು ಆ ಅರ್ಧ ಮೀಟರನ್ನು ಕಾಲಿನಿಂದಲೇ ವಾಪಸ್ ತರಲು ಹೆಣಗಿದೆ. ಜಿಮ್‌ನಲ್ಲಿ ಹೆಚ್ಚು ಹೊತ್ತು ಕಳೆದೆ, ಬೆಟ್ಟ ಹತ್ತಿ ಓಡಿದೆ. ಬರಲಿಲ್ಲ. ಮ್ಯುಲ್ಲರ್‌ನ ತುಣುಕನ್ನು ಮತ್ತೆ ಹುಡುಕಿದ್ದು ಆಗಲೇ. ಈ ಸಲ ನೋಡಿದ್ದು ಒದೆತವನ್ನಲ್ಲ. ಎಲ್ಲರೂ ಗೋಲಿನ ಕಡೆಗೆ ನುಗ್ಗುತ್ತಿರುವಾಗ ಅವನೊಬ್ಬ ಹಿಂದಕ್ಕೆ ಬರುತ್ತಾನೆ.

ಹಾಗಾಗಿ ನಾನು ನಿಧಾನಿಸಲು ಕಲಿತೆ. ಕ್ರಾಸ್, ಅಂದರೆ ಅಂಚಿನಿಂದ ಗೋಲಿನ ಮುಂದಕ್ಕೆ ಹಾಕಿದ ಚೆಂಡು, ಬರುವಾಗ ಡಿಫೆಂಡರ್ ಅದನ್ನು ನೋಡಲೇಬೇಕು. ಅವನ ಕಣ್ಣು ಚೆಂಡಿನ ಮೇಲೆ ನೆಟ್ಟ ಆ ಒಂದು ಸೆಕೆಂಡು ನಾನು ಅವನಿಗೆ ಕಾಣುವುದಿಲ್ಲ. ಮೊದಲು ಅವನ ಮುಂದೆ ಕಾಣಿಸಿಕೊಂಡು ಗೋಲಿನ ಹತ್ತಿರದ ಕಂಬದ ಕಡೆಗೆ ಎರಡು ಹೆಜ್ಜೆ ಇಡುವುದು. ಅವನು ಅತ್ತ ವಾಲುತ್ತಾನೆ. ಅವನ ಕಣ್ಣು ಚೆಂಡಿಗೆ ಹೋದ ತಕ್ಷಣ ಬೆನ್ನ ಹಿಂದೆ ಸರಿದು ನಿಂತುಬಿಡುವುದು. ಗೋಲಿನ ಅಗಲ 7.32 ಮೀಟರ್, ಎತ್ತರ 2.44. ಆರು ಮೀಟರ್ ದೂರದಿಂದ, ಯಾರೂ ತಳ್ಳದಿದ್ದರೆ, ಅದು ದೊಡ್ಡ ಬಾಗಿಲು. ವೇಗವಾಗಿ ಹೋಗುವವನಿಗಿಂತ ಒಬ್ಬನೇ ಇರುವವನಿಗೆ ಅದು ಹೆಚ್ಚು ಅಗಲ. ನನ್ನ ಅತ್ಯುತ್ತಮ ಋತು ಬಂದದ್ದು 29ನೇ ವಯಸ್ಸಿನಲ್ಲಿ, ಕುಂಟುಕಾಲಿನಲ್ಲಿ. ವರದಿಗಾರರು ಅದನ್ನು ಅನುಭವ ಎಂದು ಕರೆದರು. ನಾನು ಕೃತಜ್ಞತೆಯಿಂದ ಒಪ್ಪಿಕೊಂಡೆ. ಕಾಲು ಸೋತಿದೆ ಎಂದು ಎದುರಾಳಿಗಳಿಗೆ ತಿಳಿಯುವುದು ಬೇಕಿರಲಿಲ್ಲ.

ಪೆನಾಲ್ಟಿಯ ಬಗ್ಗೆ ಹೇಳಲು ಹೆಚ್ಚಿಲ್ಲ. 11 ಮೀಟರ್. ಹೊಡೆದೆ, ಕೆಲವು ತಪ್ಪಿದವು. 2018ರಲ್ಲಿ ವಿಡಿಯೋ ರೆಫರಿ ನಿಯಮ ಪುಸ್ತಕದೊಳಗೆ ಬಂದ ಬಗ್ಗೆಯೂ ಅಷ್ಟೇ. ಅರ್ಧ ಮೀಟರ್ ಕಳೆದುಕೊಂಡವನ ಭುಜವನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಅಳೆದು ಗೋಲು ರದ್ದು ಮಾಡುವ ಯಂತ್ರದ ಬಗ್ಗೆ ಒಳ್ಳೆಯ ಮಾತು ನನ್ನಿಂದ ಹೊರಡುವುದಿಲ್ಲ.

2020ರ ಹೊತ್ತಿಗೆ ನನಗೆ 34. ಸಾಲಿನಲ್ಲಿ ಮೂರನೆಯ ಸ್ಟ್ರೈಕರ್. ಆ ವರ್ಷ ಕೋವಿಡ್‌ನಿಂದ ನಿಂತಿದ್ದ ಆಟ ಮತ್ತೆ ಶುರುವಾದಾಗ, ಪಂದ್ಯಗಳು ಒತ್ತೊತ್ತಾಗಿ ಬಂದವೆಂದು ಮೂರರ ಬದಲು ಐವರು ಬದಲಿ ಆಟಗಾರರನ್ನು ಇಳಿಸಲು ಅನುಮತಿ ಕೊಟ್ಟರು. ಆ ನಿಯಮ ಇಲ್ಲದಿದ್ದರೆ ನನ್ನ ಕೊನೆಯ ಋತುವೇ ಇರುತ್ತಿರಲಿಲ್ಲ. ನಾನು ಹೆಚ್ಚಾಗಿ ಆ ಐದನೆಯವನು.

ಖಾಲಿ ಮೈದಾನದಲ್ಲಿ ಆಡಿದ್ದರ ಬಗ್ಗೆ ಹಲವರು ದುಃಖದಿಂದ ಮಾತಾಡುತ್ತಾರೆ. ನನಗೆ ಅದು ಪಾಠಶಾಲೆಯಾಯಿತು. ಜನರ ಕೂಗಿನಲ್ಲಿ ಇಷ್ಟು ವರ್ಷ ಏನು ಮುಚ್ಚಿಹೋಗಿತ್ತೆಂದು ಆಗ ಕೇಳಿಸಿತು. ಗೋಲ್‌ಕೀಪರ್ ನಿಮಿಷವೂ ಬಾಯಿ ಮುಚ್ಚುವುದಿಲ್ಲ. ಡಿಫೆಂಡರ್‌ಗಳು ಪರಸ್ಪರ ನನ್ನನ್ನು ಒಪ್ಪಿಸಿಕೊಳ್ಳುತ್ತಿದ್ದರು: "ನಿನ್ನ ಕಡೆ ಬಂದ, ನಿನ್ನವನು!" ಬೂಟಿನ ಮೊಳೆಗಳು ಹುಲ್ಲು ಕೀಳುವ ಸದ್ದಿನಿಂದಲೇ ಹಿಂದೆ ಬರುವವನು ಎಷ್ಟು ದೂರದಲ್ಲಿದ್ದಾನೆಂದು ಅಂದಾಜು ಸಿಗುತ್ತಿತ್ತು. ಹದಿನಾರರಲ್ಲಿ ಬೆರಳೆಣಿಸಿ ಕಲಿತದ್ದನ್ನು ಕಿವಿಯಿಂದ ಮತ್ತೆ ಕಲಿತೆ. ಕಲಿತು ಮುಗಿಯುವ ಹೊತ್ತಿಗೆ ಕಾಲ ಮುಗಿದಿತ್ತು ಬಿಡಿ.

ಕೊನೆಯ ಪಂದ್ಯ 2021ರ ಮೇ ತಿಂಗಳಲ್ಲಿ. ಅದು ಕೊನೆಯದೆಂದು ನನಗೆ ಗೊತ್ತಿರಲಿಲ್ಲ. 71ನೇ ನಿಮಿಷದಲ್ಲಿ ಇಳಿದೆ. ಮುಗಿಯಲು ಸ್ವಲ್ಪ ಹೊತ್ತಿರುವಾಗ ಎಡಗಡೆಯಿಂದ ಕ್ರಾಸ್ ಬರುವುದು ಕಂಡಿತು. ನಾನು ಹತ್ತಿರದ ಕಂಬದತ್ತ, ನಿಜವಾಗಿ ಚೆಂಡು ಬೇಕೆಂಬಂತೆ ಕೈ ಎತ್ತಿ ಕೂಗುತ್ತ ನುಗ್ಗಿದೆ. ಇಬ್ಬರು ಡಿಫೆಂಡರ್‌ಗಳು ನನ್ನ ಜೊತೆ ಬಂದರು. ಚೆಂಡು ನಮ್ಮ ಮೂವರ ತಲೆಯ ಮೇಲೆ ಹಾದುಹೋಯಿತು. ದೂರದ ಕಂಬದ ಬಳಿ ಹತ್ತೊಂಬತ್ತರ ಹುಡುಗ ಒಬ್ಬನೇ ನಿಂತಿದ್ದ, ತಲೆ ತಾಗಿಸಿದ. ನಾನು ನೆಲಕ್ಕೆ ಬಿದ್ದಿದ್ದರಿಂದ ಗೋಲು ನೋಡಲಿಲ್ಲ. ಬಲೆ ಸರ್ರೆಂದದ್ದು ಕೇಳಿಸಿತು. ಹುಡುಗ ಓಡಿ ಬಂದು ನನ್ನನ್ನು ಎತ್ತಿ, "ಅಣ್ಣಾ, ಅವರಿಬ್ಬರನ್ನೂ ನೀವೇ ಕರೆದುಕೊಂಡು ಹೋದಿರಿ!" ಎಂದು ಕಿವಿಯ ಹತ್ತಿರ ಕಿರುಚಿದ. ಮರುದಿನದ ವರದಿಯಲ್ಲಿ ನನ್ನ ಹೆಸರು ಬದಲಿ ಆಟಗಾರರ ಸಾಲಿನಲ್ಲಿ ಆವರಣದೊಳಗಿತ್ತು, ಪಕ್ಕದಲ್ಲಿ 71.

ಜೂನ್ ಕೊನೆಗೆ ಒಪ್ಪಂದ ಮುಗಿಯಿತು. ಬೆಲ್ಜಿಯಂನ ಆಟಗಾರ ಬೋಸ್ಮನ್ ಹೂಡಿದ ಮೊಕದ್ದಮೆಯಲ್ಲಿ 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಕೊಟ್ಟ ತೀರ್ಪಿನಿಂದ, ಒಪ್ಪಂದ ಮುಗಿದ ಆಟಗಾರ ವರ್ಗಾವಣೆ ಹಣದ ಹಂಗಿಲ್ಲದೆ ಹೊರಡಬಹುದಾಯಿತು. ಇಪ್ಪತ್ತೈದರವನಿಗೆ ಅದು ರೆಕ್ಕೆ. ಮೂವತ್ತೈದರವನಿಗೆ, ಫೋನ್ ಬಾರದ ಜುಲೈ. ಇಲ್ಲ ಎಂದು ಯಾರೂ ಹೇಳುವುದಿಲ್ಲ. 'ಮುಂದಿನ ವಾರ ತಿಳಿಸುತ್ತೇವೆ' ಎನ್ನುತ್ತಾರೆ. ನಾನು ದಿನವೂ ಒಬ್ಬನೇ ಓಡುತ್ತಿದ್ದೆ, ಕರೆ ಬಂದರೆ ಸಿದ್ಧನಿರಬೇಕಲ್ಲ ಎಂದು. ಆಗಸ್ಟ್ ಮಧ್ಯದಲ್ಲಿ ಒಂದು ಬೆಳಿಗ್ಗೆ ಬೂಟಿನ ದಾರ ಕಟ್ಟಿದವನು ಮತ್ತೆ ಬಿಚ್ಚಿ ಒಳಗೆ ಹೋದೆ. ವಿದಾಯದ ಪಂದ್ಯ, ಹಾರ, ಭಾಷಣ ಎಲ್ಲ ಕೆಲವರಿಗೆ ಸಿಗುತ್ತವೆ. ಸುನಿಲ್ ಛೆಟ್ರಿ 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ಭಾರತ ತಂಡಕ್ಕೆ ವಿದಾಯ ಹೇಳಿದಾಗ ಅವರ ಹೆಸರಿನಲ್ಲಿ 94 ಗೋಲುಗಳಿದ್ದವು. ಮರುವರ್ಷ ಮಾರ್ಚ್‌ನಲ್ಲಿ ಮತ್ತೆ ಅದೇ ಅಂಗಿ ತೊಟ್ಟು ಇಳಿದು ಇನ್ನೊಂದು ಹೊಡೆದರು. ಟಿವಿ ಮುಂದೆ ನಾನು ಎದ್ದು ನಿಂತೆ. ನಗು ಬಂತು, ಸಣ್ಣ ಹೊಟ್ಟೆಕಿಚ್ಚೂ ಆಯಿತು.

ನಿವೃತ್ತಿಗೆ ಒಂದು ಅರ್ಜಿ ಇರುತ್ತದೆ, ಎಲ್ಲೋ ಸಹಿ ಹಾಕಬೇಕೆಂದು ನಾನು ಅಂದುಕೊಂಡಿದ್ದೆ. ಯಾರೂ ಏನನ್ನೂ ಕೇಳಲಿಲ್ಲ. ಫಿಫಾ ನಿಯಮದಲ್ಲಿ ಇರುವುದು ಇಷ್ಟು: ಒಪ್ಪಂದ ಮುಗಿದು ಆಟ ನಿಲ್ಲಿಸಿದ ವೃತ್ತಿಪರನ ಹೆಸರು, ಕೊನೆಯ ಅಧಿಕೃತ ಪಂದ್ಯ ಆಡಿದ ದಿನದಿಂದ 30 ತಿಂಗಳವರೆಗೆ ಅವನ ಕೊನೆಯ ಕ್ಲಬ್ಬು ಸೇರಿದ ಫುಟ್‌ಬಾಲ್ ಸಂಸ್ಥೆಯ ನೋಂದಣಿಯಲ್ಲಿ ಉಳಿದಿರುತ್ತದೆ. ಇದನ್ನು ಓದಿದ ದಿನ ಬೆರಳು ಮಡಿಸಿ ಲೆಕ್ಕ ಹಾಕಿದೆ: 2023ರ ನವೆಂಬರ್. ಅಲ್ಲಿಯವರೆಗೆ ಕಾಗದದ ಮೇಲಾದರೂ ನಾನು ಆಟಗಾರ. ಆ ದಿನಾಂಕವನ್ನು ಎಲ್ಲೂ ಬರೆದಿಟ್ಟುಕೊಳ್ಳಲಿಲ್ಲ, ಮರೆಯುವುದಿಲ್ಲ ಎಂಬ ಧೈರ್ಯವಿತ್ತು.

ಮರೆತೆ. ಒಂದು ವಾರ ಕಳೆದ ಮೇಲೆ ಸೈಕಲ್ ತುಳಿಯುವಾಗ ನೆನಪಾಯಿತು. ಮಂಡಿಗೆಂದು ಡಾಕ್ಟರ್ ದಿನಕ್ಕೆ ಅರ್ಧ ಗಂಟೆ ಹೇಳಿದ್ದಾರೆ. ಚಳಿಗೆ ಎಡ ಮಂಡಿ ಬಿಗಿದಿತ್ತು, ಮೇಲಿನ ತುದಿಯಲ್ಲಿ ಇನ್ನೂ ಸ್ವಲ್ಪ ಹಿಡಿಯುತ್ತದೆ. ಗಡಿಯಾರದಲ್ಲಿ ಹನ್ನೊಂದು ನಿಮಿಷ ಬಾಕಿ ತೋರಿಸುತ್ತಿತ್ತು. ತುಳಿದು ಮುಗಿಸಿದೆ.